ತಂದೆಯ ಹೆಸರನ್ನು ಅಳಿಸುವ ದಯೆ

ಕಪ್ಪುಹಣವನ್ನು ಬಿಳಿ ಮಾಡುವ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. ಎಲ್ಲಿಂದ ಬಂತೆಂದು ಹೇಳಲಾಗದ ದುಡ್ಡು ನಾಲ್ಕು ಲೆಕ್ಕಪುಸ್ತಕಗಳನ್ನು ಹಾದು ಹೊರಬರುವಾಗ ನ್ಯಾಯವಾದ ಸಂಪಾದನೆಯಾಗಿರುತ್ತದೆ. ಮನುಷ್ಯರ ಮಗುವನ್ನೂ ಹೀಗೆಯೇ ಬಿಳಿ ಮಾಡಬಹುದು ಎಂಬುದನ್ನು ಕಾನೂನಿನ ಭಾಷೆಯಲ್ಲಿ ಜಗತ್ತಿಗೆ ಬಿಡಿಸಿ ಹೇಳಿದವರು ಡೇವಿಡ್ ಸ್ಮೋಲಿನ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು. ಕದ್ದ, ಕೊಂಡ ಅಥವಾ ವಂಚಿಸಿ ಪಡೆದ ಮಗುವಿಗೆ ಮೊದಲು 'ಅನಾಥ' ಎಂಬ ಕಾಗದ ಸೃಷ್ಟಿಯಾಗುತ್ತದೆ. ಆ ಕಾಗದ ಸಂಸ್ಥೆಯಿಂದ ಕಚೇರಿಗೆ, ಕಚೇರಿಯಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ವಿದೇಶಿ ರಾಯಭಾರ ಕಚೇರಿಗೆ ಸಾಗುತ್ತದೆ. ಪ್ರತಿಯೊಂದು ಮೇಜಿನಲ್ಲೂ ಒಂದೊಂದು ಮೊಹರು ಬೀಳುತ್ತದೆ. ಕೊನೆಯ ಮೊಹರು ಬೀಳುವಾಗ ಮೊದಲ ಕಳ್ಳತನದ ಗುರುತೂ ಉಳಿದಿರುವುದಿಲ್ಲ. 2005ರ ಸುಮಾರಿಗೆ ಅವರು ಬರೆದ ದೀರ್ಘ ಪ್ರಬಂಧಗಳ ತಿರುಳು ಇದು.

ಇದನ್ನು ಅವರು ಗ್ರಂಥಾಲಯದಲ್ಲಿ ಕುಳಿತು ಕಲಿತವರಲ್ಲ. 1998ರಲ್ಲಿ ಸ್ಮೋಲಿನ್ ದಂಪತಿ ಆಂಧ್ರಪ್ರದೇಶದಿಂದ ಇಬ್ಬರು ಅಕ್ಕತಂಗಿಯರನ್ನು ದತ್ತು ಪಡೆದು ಅಲಬಾಮಾಕ್ಕೆ ಕರೆದೊಯ್ದರು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೆ ಮಕ್ಕಳು ಬಾಯಿಬಿಟ್ಟಾಗ ಬೇರೆಯೇ ಕಥೆ ಹೊರಬಿತ್ತು. ಅವರ ತಾಯಿ ಬದುಕಿದ್ದಳು. ಊಟ ಮತ್ತು ಓದು ಸಿಗಲಿ ಎಂದು ಆಕೆ ಮಕ್ಕಳನ್ನು ಹೈದರಾಬಾದಿನ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದಳೇ ಹೊರತು ಯಾರಿಗೂ ಕೊಟ್ಟಿರಲಿಲ್ಲ. ಆ ತಾಯಿಯನ್ನು ಹುಡುಕಿ ತೆಗೆಯಲು ಆರು ವರ್ಷಗಳಷ್ಟು ಕಾಲ ಹಿಡಿಯಿತು. ಕಾನೂನು ಬಲ್ಲ, ಇಂಗ್ಲಿಷ್ ಬಲ್ಲ, ಹಣವುಳ್ಳ ಒಬ್ಬ ಪ್ರಾಧ್ಯಾಪಕನಿಗೇ ಇಷ್ಟು ಕಷ್ಟವಾದರೆ, ಮಕ್ಕಳನ್ನು ಕಳೆದುಕೊಂಡ ಆ ತಾಯಿಗೆ ಯಾವ ಬಾಗಿಲು ತೆರೆದೀತು?

1999ರಲ್ಲಿ ಮತ್ತು 2001ರಲ್ಲಿ ಆಂಧ್ರದಲ್ಲಿ ಬಯಲಾದ ಹಗರಣಗಳು ಇದೇ ಜಾಡಿನವು. ನಲ್ಗೊಂಡ ಜಿಲ್ಲೆಯ ದೇವರಕೊಂಡ ಮೊದಲಾದ ಕಡೆಗಳ ಲಂಬಾಣಿ ತಾಂಡಾಗಳಿಂದ ಹೆಣ್ಣು ಹಸುಳೆಗಳನ್ನು ಪುಡಿಗಾಸಿಗೆ ಸಂಗ್ರಹಿಸಿ, ದತ್ತು ಸಂಸ್ಥೆಗಳ ಮೂಲಕ ಡಾಲರಿಗೆ ದಾಟಿಸಲಾಗುತ್ತಿತ್ತು. 2005ರಲ್ಲಿ ಚೆನ್ನೈಯಲ್ಲಿ ಮಕ್ಕಳ ಅಪಹರಣದ ಜಾಲವೊಂದು ಸಿಕ್ಕಿಬಿದ್ದಾಗ, ಬೀದಿಬದಿಯಲ್ಲಿ ಮಲಗಿದ್ದ ಬಡವರ ಮಕ್ಕಳು ದತ್ತು ಸಂಸ್ಥೆಯ ಮೂಲಕ ಹೊರದೇಶ ಸೇರಿದ್ದು ತಿಳಿಯಿತು. 2010ರಲ್ಲಿ ಪುಣೆಯ ಹೆಸರಾಂತ ಸಂಸ್ಥೆಯೊಂದರ ಮೇಲೆ ಸಿಬಿಐ ಪ್ರಕರಣ ದಾಖಲಾಯಿತು. ಕಾನೂನು ಇರಲಿಲ್ಲವೇ? ಇತ್ತು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಸುಪ್ರೀಂ ಕೋರ್ಟ್ ಪೀಠವು ವಿದೇಶಿ ದತ್ತುವಿಗೆ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿತ್ತು. ಕೇಂದ್ರ ದತ್ತು ಸಂಪನ್ಮೂಲ ಸಂಸ್ಥೆ 1990ರಲ್ಲಿ ಹುಟ್ಟಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಹಣದ ಆಮಿಷವಿಲ್ಲದೆ ಹೆತ್ತವರು ಒಪ್ಪಿರಬೇಕು, ಮಗುವಿನ ಮೂಲದ ದಾಖಲೆಯನ್ನು ಕಾಪಾಡಬೇಕು, ಅನುಚಿತ ಲಾಭ ಕೂಡದು ಎಂದು ಆ ಒಡಂಬಡಿಕೆ ಹೇಳುತ್ತದೆ. ಆದರೂ ಕಳವು ನಿಲ್ಲಲಿಲ್ಲ. ಏಕೆ? ಒಂದು ತುದಿಯಲ್ಲಿ ಹಸಿವು, ಇನ್ನೊಂದು ತುದಿಯಲ್ಲಿ ಡಾಲರ್, ನಡುವೆ ಪರಿಶೀಲಿಸದೆ ಒತ್ತುವ ಮೊಹರು ಇರುವಷ್ಟು ಕಾಲ ಕಾಗದದ ಕಾನೂನು ಮಗುವನ್ನು ಕಾಯಲಾರದು. ಸ್ಮೋಲಿನ್ ಹೇಳಿದ್ದೂ ಇದನ್ನೇ.

ಅಂದು ಅವರನ್ನು ದತ್ತುವಿನ ಶತ್ರು ಎಂದು ಹಳಿದವರಿದ್ದರು. ಇಂದು ಜಗತ್ತು ಅವರ ದಾರಿಗೆ ಬಂದಿದೆ. ಹಳೆಯ ಅಕ್ರಮಗಳ ವರದಿ ಕೈಸೇರಿದೊಡನೆ ನೆದರ್ಲೆಂಡ್ಸ್ 2021ರಲ್ಲಿ ವಿದೇಶಿ ದತ್ತುವನ್ನು ತಡೆಹಿಡಿಯಿತು. 2024ರಲ್ಲಿ ಹಂತಹಂತವಾಗಿ ಮುಚ್ಚಿಬಿಡಲು ನಿರ್ಧರಿಸಿತು. ಅದೇ ವರ್ಷ ಚೀನಾ ತನ್ನ ಮಕ್ಕಳನ್ನು ಹೊರಗೆ ಕಳುಹಿಸುವುದನ್ನು ಬಹುತೇಕ ಕೊನೆಗೊಳಿಸಿತು. ಕೊರಿಯಾದ ಮಕ್ಕಳನ್ನು ಸುಳ್ಳು ದಾಖಲೆಗಳೊಂದಿಗೆ ಸಾಗಿಸಿದ್ದರಲ್ಲಿ ಸರಕಾರದ ಹೊಣೆಯಿದೆ ಎಂದು 2025ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗವೇ ಹೇಳಿತು. ನಮ್ಮ ದೇಶದಲ್ಲಿ 2024-25ರಲ್ಲಿ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವು. ವಿಮಾನವೇರುವ ಮಕ್ಕಳು ಕಡಿಮೆಯಾಗಿದ್ದಾರೆ.

ಹಾಗಾದರೆ ಬಂಟ್ವಾಳದ, ಬೆಳ್ತಂಗಡಿಯ, ಮೂಡುಬಿದಿರೆಯ ಮುಸ್ಲಿಮ್ ಮನೆಗಳಿಗೆ ಈ ಕಥೆಯಿಂದ ಏನಾಗಬೇಕು? ನಮ್ಮಲ್ಲಿ ವಿದೇಶಿಯರು ಬಂದು ಮಕ್ಕಳನ್ನು ಒಯ್ದಿಲ್ಲ, ನಮ್ಮ ಧರ್ಮದಲ್ಲಿ ದತ್ತುವೇ ಇಲ್ಲ, ಆದ್ದರಿಂದ ನಾವು ನಿರಪರಾಧಿಗಳು ಎಂದು ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬಹಳ. ಈ ಲೇಖನ ಇರುವುದೇ ಅವರ ವಿರುದ್ಧ.

ಮಗುವನ್ನು ಬಿಳಿ ಮಾಡಲು ಡಾಲರ್ ಬೇಕಾಗಿಲ್ಲ, ವಿಮಾನವೂ ಬೇಕಾಗಿಲ್ಲ. ಮಕ್ಕಳಿಲ್ಲದ, ಕೊಲ್ಲಿಯಲ್ಲಿ ದುಡಿದು ಮನೆ ಕಟ್ಟಿಸಿದ ದಂಪತಿ ಒಂದು ಕಡೆ. ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕಲಾರದೆ ನಾಲ್ಕನೆಯದನ್ನು ಹೊತ್ತ ತಾಯಿ ಇನ್ನೊಂದು ಕಡೆ. ನಡುವೆ ಎರಡೂ ಮನೆಗಳನ್ನು ಬಲ್ಲ ಒಬ್ಬ 'ಉಪಕಾರಿ'. ಹೆರಿಗೆಗೆ ದಾಖಲಿಸುವಾಗಲೇ ಬೇರೊಬ್ಬಳ ಹೆಸರು ಬರೆಸಿದರೆ ಮುಗಿಯಿತು, ಹೆತ್ತವಳು ಕಾಗದದಲ್ಲಿ ಹೆರಲೇ ಇಲ್ಲ. ಆ ಮಗು ಮುಂದೆ ಮದ್ರಸಕ್ಕೆ ಹೋಗುವುದು, ಶಾಲೆಗೆ ಸೇರುವುದು, ಪಾಸ್‌ಪೋರ್ಟ್ ಪಡೆಯುವುದು, ಮಸೀದಿಯ ನಿಕಾಹ್ ಪುಸ್ತಕದಲ್ಲಿ ಸಹಿ ಹಾಕುವುದು ಎಲ್ಲವೂ ಆ ಸುಳ್ಳಿನ ಮೇಲೆಯೇ. ಇಂತಹ ಕೊಡುಕೊಳ್ಳುವಿಕೆಯನ್ನು ಕೇಳಿಯೇ ಇಲ್ಲ ಎಂದು ಎದೆಮುಟ್ಟಿ ಹೇಳಬಲ್ಲ ಜಮಾಅತ್ ಎಷ್ಟಿದೆ? ಕೇಳಿದವರು 'ಪಾಪ, ಒಳ್ಳೆಯದೇ ಆಯಿತು' ಎಂದು ಸುಮ್ಮನಾಗುತ್ತಾರೆ. ಅಲಬಾಮಾದ ಪ್ರಾಧ್ಯಾಪಕರು ವಿವರಿಸಿದ ಮೊಹರುಗಳ ಸಾಲಿನಲ್ಲಿ ನಮ್ಮ ಮೌನವೂ ಒಂದು ಮೊಹರು.

2022ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಬಂದ ಪ್ರಕರಣವನ್ನು ನಮ್ಮ ಸಮುದಾಯ ಗಂಭೀರವಾಗಿ ಓದಬೇಕಿತ್ತು. ಮುಸ್ಲಿಮ್ ದಂಪತಿಯೊಂದು ಇನ್ನೂ ಹುಟ್ಟದ ತಮ್ಮ ಮಗುವನ್ನು ಹಿಂದೂ ದಂಪತಿಯೊಂದಕ್ಕೆ ಕೊಡುವುದಾಗಿ ಒಪ್ಪಂದ ಬರೆದುಕೊಟ್ಟಿತ್ತು. ಹುಟ್ಟದ ಮಗುವಿನ ದತ್ತು ಒಪ್ಪಂದವೆಂಬುದು ಕಾನೂನಿಗೆ ಗೊತ್ತೇ ಇಲ್ಲ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬಡತನವೇ ಕಾರಣವಾಗಿದ್ದರೆ ಹೆತ್ತವರು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಮಗುವನ್ನು ಒಪ್ಪಿಸಬಹುದಿತ್ತು ಎಂದಿತು. ಧರ್ಮಗಳ ಬೇಲಿಯನ್ನು ದಾಟಿದ ಈ ವ್ಯವಹಾರದಲ್ಲಿ ಎರಡೂ ಮನೆಯವರು ಪರಸ್ಪರ ಪ್ರೀತಿಯಿಂದಲೇ ನಡೆದುಕೊಂಡಿರಬಹುದು. ಆದರೆ ಹುಟ್ಟುವ ಮೊದಲೇ ಕರಾರಿಗೆ ಒಳಗಾದ ಆ ಜೀವದ ಪರವಾಗಿ ಅಲ್ಲಿ ಮಾತಾಡುವವರು ಯಾರಿದ್ದರು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಬಿಟ್ಟುಕೊಡುವ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಮನಸ್ಸು ಬದಲಾದರೆ ಮಗುವನ್ನು ಮರಳಿ ಪಡೆಯಲು ಅವರಿಗೆ ಎರಡು ತಿಂಗಳ ಅವಕಾಶವಿದೆ. ಈ ಎರಡು ತಿಂಗಳು ಎಷ್ಟು ದೊಡ್ಡ ಕರುಣೆ ಎಂಬುದು ಹೆರಿಗೆಯ ನೋವು, ಸಾಲದ ಭಯ, ಮನೆಯವರ ಒತ್ತಡ ಇವೆಲ್ಲದರ ನಡುವೆ ಹೆಬ್ಬೆಟ್ಟು ಒತ್ತಿದ ಹೆಣ್ಣಿಗೆ ಗೊತ್ತು. ಮನೆಯ ಹಿಂಬಾಗಿಲಿನಿಂದ ನಡೆಯುವ ವ್ಯವಹಾರ ಅವಳಿಗೆ ಎರಡು ದಿನವನ್ನೂ ಕೊಡುವುದಿಲ್ಲ. ಸಮಿತಿಯನ್ನು ಬಿಟ್ಟು ಇಂತಹ ಮಗುವನ್ನು ದತ್ತು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಹಣ ಕೈಬದಲಾಗಿ ಮಗು ಮಾರಾಟವಾದರೆ ಐದು ವರ್ಷಗಳವರೆಗೆ ಕಠಿಣ ಸೆರೆ. ಆಸ್ಪತ್ರೆಯವರೇ ಅದರಲ್ಲಿದ್ದರೆ ಮೂರರಿಂದ ಏಳು ವರ್ಷ. 'ನಾವು ಪುಣ್ಯಕ್ಕೆ ಮಾಡಿದ್ದು' ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಅಲ್ಲಾಹನ ಮುಂದೆಯಾದರೂ ನಡೆಯುತ್ತದೆಯೇ? ಇಸ್ಲಾಮಿನಲ್ಲಿ ದತ್ತು ಇಲ್ಲ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿದವರು ಆ ನಿಯಮ ಹುಟ್ಟಿದ ಸಂದರ್ಭವನ್ನು ಮರೆತಿದ್ದಾರೆ. ಝೈದ್ ಬಿನ್ ಹಾರಿಸ(ರ) ಯಾರು? ಕದ್ದೊಯ್ಯಲ್ಪಟ್ಟ ಬಾಲಕ. ದಾಳಿಕೋರರು ಅವರನ್ನು ತಾಯಿಯ ಬಳಿಯಿಂದ ಸೆಳೆದೊಯ್ದು ಸಂತೆಯಲ್ಲಿ ಮಾರಿದರು. ಕೈಯಿಂದ ಕೈಗೆ ದಾಟಿ ಖದೀಜ(ರ)ರ ಮನೆಗೆ, ಅಲ್ಲಿಂದ ಪ್ರವಾದಿ ಮುಹಮ್ಮದ್(ಸ)ರ ಆಶ್ರಯಕ್ಕೆ ಬಂದರು. ತಂದೆ ಹಾರಿಸ ಮಗನಿಗಾಗಿ ಊರೂರು ಅಲೆದು ಕೊನೆಗೆ ಸಹೋದರನೊಡನೆ ಮಕ್ಕಾಕ್ಕೆ ಬಂದು, ಬಿಡುಗಡೆಯ ಬೆಲೆ ತೆರಲು ಮುಂದಾದಾಗ ಪ್ರವಾದಿ(ಸ) ಏನು ಮಾಡಿದರು? ಬೆಲೆಯ ಮಾತನ್ನು ಬದಿಗಿಟ್ಟು ಆಯ್ಕೆಯನ್ನು ಝೈದ್‌ರಿಗೇ ಬಿಟ್ಟರು. ತಂದೆಯನ್ನು ಬಚ್ಚಿಡಲಿಲ್ಲ, ಅವನು ಬಂದ ಬಾಗಿಲನ್ನು ಮುಚ್ಚಲಿಲ್ಲ. ಝೈದ್ ಅಲ್ಲಿಯೇ ಉಳಿಯಲು ಬಯಸಿದರು, ಮುಹಮ್ಮದರ ಮಗನೆಂದೇ ಕರೆಯಲ್ಪಟ್ಟರು. ಮುಂದೆ ಸೂರಃ ಅಲ್ ಅಹ್‌ಝಾಬ್‌ನಲ್ಲಿ, ಸಾಕುಮಕ್ಕಳನ್ನು ಅವರ ತಂದೆಯಂದಿರ ಹೆಸರಿನಿಂದಲೇ ಕರೆಯಬೇಕೆಂಬ ಆದೇಶ ಬಂದಾಗ, ಅವರು ಮತ್ತೆ ಹಾರಿಸರ ಮಗ ಝೈದ್ ಆದರು. ಪ್ರೀತಿ ಕಡಿಮೆಯಾಗಲಿಲ್ಲ, ಸ್ಥಾನ ಕುಂದಲಿಲ್ಲ. ಹೆಸರು ಮಾತ್ರ ಅದರ ಹಕ್ಕುದಾರನಿಗೆ ಮರಳಿತು.

ಆ ಆದೇಶ ನಿಷೇಧಿಸಿದ್ದು ಸಾಕುವುದನ್ನಲ್ಲ, ಸಾಕುವ ನೆಪದಲ್ಲಿ ಮೂಲವನ್ನು ಅಳಿಸುವುದನ್ನು. ಹೇಗ್ ಒಡಂಬಡಿಕೆ 1993ರಲ್ಲಿ ಕೇಳಿದ್ದೂ ಮೂಲದ ದಾಖಲೆಯನ್ನೇ. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆ ಮಗುವಿನ ಹೆಸರು ಮತ್ತು ಕುಟುಂಬ ಸಂಬಂಧವನ್ನು ಅದರ ಹಕ್ಕೆಂದು ಹೇಳುತ್ತದೆ. ಕುಟುಂಬವಿಲ್ಲದ ಮಗುವಿಗೆ ಇರುವ ದಾರಿಗಳಲ್ಲಿ ಇಸ್ಲಾಮಿನ 'ಕಫಾಲ'ವನ್ನು ಹೆಸರಿಸಿಯೇ ಸೇರಿಸಿದೆ. ಜಗತ್ತು ಇಷ್ಟು ಮನ್ನಣೆ ಕೊಟ್ಟ ವ್ಯವಸ್ಥೆಗೆ ನಮ್ಮ ಮೂರು ತಾಲೂಕುಗಳಲ್ಲಿ ಎಷ್ಟು ಮನೆಗಳ ಬಾಗಿಲು ತೆರೆದಿದೆ? ದತ್ತು ಹರಾಮ್ ಎಂದು ಹೇಳಿ ಮಗುವನ್ನು ಹೊರಗಿಡುವವರೂ ನಮ್ಮಲ್ಲಿದ್ದಾರೆ, ಹೆಸರು ಬದಲಿಸಿ ಗುಟ್ಟಾಗಿ ಒಳಗೆ ತರುವವರೂ ಇದ್ದಾರೆ. ಹೆಸರನ್ನು ಉಳಿಸಿಕೊಂಡು ಬಹಿರಂಗವಾಗಿ ಸಾಕುವವರು ವಿರಳ. ಇನ್ನೂ ಕೆಲವರಿದ್ದಾರೆ. ಬಡವರ ಹುಡುಗಿಯನ್ನು 'ಸಾಕಲು' ತಂದು, ಸ್ವಂತ ಮಕ್ಕಳು ಶಾಲೆಗೆ ಹೋಗುವಾಗ ಅವಳ ಕೈಗೆ ಪೊರಕೆ ಕೊಡುತ್ತಾರೆ. ಇದನ್ನು ಕಫಾಲ ಎಂದು ಕರೆದರೆ ಯತೀಮರ ಕುರಿತ ಕುರ್‌ಆನಿನ ಎಚ್ಚರಿಕೆಗಳೆಲ್ಲ ಯಾರಿಗಾಗಿ ಇಳಿದವು?

ಮಗು ನಮ್ಮ ಹೆಸರು ಪಡೆಯದಿದ್ದರೆ ಅದಕ್ಕೆ ಆಸ್ತಿ ಸಿಗದು, ಪರದೆಯ ತೊಡಕು ಬರುತ್ತದೆ ಎಂಬ ಆಕ್ಷೇಪವಿದೆ. ಶರೀಅತ್ ಇದಕ್ಕೂ ದಾರಿ ಕೊಟ್ಟಿದೆ. ಬದುಕಿರುವಾಗಲೇ ಹಿಬಾ ಕೊಡಬಹುದು. ಆಸ್ತಿಯ ಮೂರನೆಯ ಒಂದಂಶದವರೆಗೆ ವಸಿಯ್ಯತ್ ಬರೆಯಬಹುದು. ಎರಡು ವರ್ಷದೊಳಗಿನ ಹಸುಳೆಗೆ ಆ ಮನೆಯ ಹೆಣ್ಣು ಶರೀಅತಿನ ನಿಯಮದಂತೆ ಎದೆಹಾಲು ಕುಡಿಸಿದರೆ ಹಾಲಿನ ಸಂಬಂಧವೇ ಏರ್ಪಡುತ್ತದೆ. ಲೌಕಿಕ ಕಾನೂನಿನಲ್ಲಿ 1890ರ ಪೋಷಕತ್ವ ಕಾಯ್ದೆಯಿದೆ. ಬಾಲನ್ಯಾಯ ಕಾಯ್ದೆಯಲ್ಲಿ ಪೋಷಕ ಕುಟುಂಬದ ವ್ಯವಸ್ಥೆಯಿದೆ. ಹೆಚ್ಚಾಗಿ ಆರು ವರ್ಷ ದಾಟಿದ ಮಕ್ಕಳಿಗಾಗಿ ಇರುವ ಈ ವ್ಯವಸ್ಥೆಯಲ್ಲಿ ಮಗುವಿನ ಮೂಲ ಅಳಿಯುವುದಿಲ್ಲ. ಕಫಾಲಕ್ಕೆ ಇದಕ್ಕಿಂತ ಹತ್ತಿರದ ಸರಕಾರಿ ಹೆಸರು ಇನ್ನೊಂದಿಲ್ಲ.

2014ರ ಫೆಬ್ರವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದ ತೀರ್ಪು ಬಂದಾಗ ನಮ್ಮಲ್ಲಿ ಎದ್ದ ಗದ್ದಲ ನೆನಪಿರಬಹುದು. ಯಾವ ಧರ್ಮದವರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಜೊತೆಗೆ ಅದು ಇಚ್ಛೆಯುಳ್ಳವರಿಗೆ ಇರುವ ಅವಕಾಶವೇ ಹೊರತು ಯಾರ ಮೇಲೂ ಹೇರಿಕೆಯಲ್ಲ, ವೈಯಕ್ತಿಕ ಕಾನೂನನ್ನು ಪಾಲಿಸುವವರು ಪಾಲಿಸಬಹುದು ಎಂದೂ ಹೇಳಿತು. ಸಮಾನ ನಾಗರಿಕ ಸಂಹಿತೆಯ ಗುಮ್ಮನನ್ನು ತೋರಿಸಿ ರಾಜಕೀಯ ಮಾಡುವವರಿಗೆ ಎರಡನೆಯ ಮಾತು ಬೇಕಿರಲಿಲ್ಲ. ದುರಂತವೆಂದರೆ ನಮ್ಮ ಭಾಷಣಕಾರರಿಗೂ ಅದು ಕೇಳಿಸಲಿಲ್ಲ. 1972ರ ದತ್ತು ಮಸೂದೆಯನ್ನು ಸಮುದಾಯ ವಿರೋಧಿಸಿತು, ಅದು ಕಾನೂನಾಗಲಿಲ್ಲ. 1980ರ ಮಸೂದೆಯಿಂದ ಮುಸ್ಲಿಮರನ್ನು ಹೊರಗಿಡಲಾಯಿತು. ವಿರೋಧಿಸಲು ನಮಗೆ ಹಕ್ಕಿತ್ತು, ಕಾರಣವೂ ಇತ್ತು. ಆದರೆ ಬೇಡವೆಂದ ಕಾನೂನಿನ ಜಾಗದಲ್ಲಿ ಕಫಾಲದ ಒಂದು ಶಿಸ್ತುಬದ್ಧ ವ್ಯವಸ್ಥೆಯನ್ನು ಈ ಅರ್ಧ ಶತಮಾನದಲ್ಲಿ ಕಟ್ಟಬೇಕಾದ ಹೊಣೆಯೂ ನಮ್ಮದೇ ಆಗಿತ್ತಲ್ಲವೇ?

ಯತೀಂಖಾನಗಳಿಲ್ಲವೇ ಎಂದು ಕೇಳಬಹುದು. ಇವೆ, ಅವು ಮಾಡಿದ ಸೇವೆ ಸಣ್ಣದಲ್ಲ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಪರಿಭಾಷೆಯಲ್ಲಿ ಯತೀಂ ಎಂದರೆ ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು. ಅದಕ್ಕೆ ತಾಯಿ ಇರುತ್ತಾಳೆ. ಸರಕಾರಿ ಕಾಗದದ 'ಅನಾಥ' ಎಂಬ ಪದವೇ ಬೇರೆ. ಹೈದರಾಬಾದಿನಲ್ಲಿ ಆ ಇಬ್ಬರು ಹುಡುಗಿಯರು ಕಳೆದುಹೋದದ್ದು ಇಂತಹ ಎರಡು ಪದಗಳ ನಡುವಿನ ಸಂದಿನಲ್ಲಿಯೇ. ಅಲ್ಲಿ ತಾಯಿ ಮಕ್ಕಳನ್ನು ಓದಲು ಬಿಟ್ಟಳು, ಸಂಸ್ಥೆ ಅವರನ್ನು ಅನಾಥರೆಂದು ಬರೆಯಿತು. ಯತೀಂಖಾನಕ್ಕೆ ಮಗುವನ್ನು ಬಿಡುವ ನಮ್ಮ ತಾಯಂದಿರೂ ಅದೇ ನಂಬಿಕೆಯಿಂದ ಬಿಡುತ್ತಾರೆ. ಆ ನಂಬಿಕೆಗೆ ದಾಖಲೆಯ ಕಾವಲು ಬೇಡವೇ?

2014ರ ಮೇ ತಿಂಗಳಲ್ಲಿ ಬಿಹಾರ, ಜಾರ್ಖಂಡ್, ಬಂಗಾಳಗಳಿಂದ ಕೇರಳದ ಯತೀಂಖಾನಗಳಿಗೆ ರೈಲಿನಲ್ಲಿ ಬಂದ ನೂರಾರು ಮಕ್ಕಳನ್ನು ಪಾಲಕ್ಕಾಡಿನಲ್ಲಿ ತಡೆದು ಮಾನವ ಕಳ್ಳಸಾಗಣೆಯ ಮೊಕದ್ದಮೆ ಹೂಡಲಾಯಿತು. ಹೆತ್ತವರು ಶಿಕ್ಷಣಕ್ಕಾಗಿ ಕಳುಹಿಸಿದ ಮಕ್ಕಳವರು ಎಂದು ಬಳಿಕ ಬಿಹಾರ ಸರಕಾರವೇ ನ್ಯಾಯಾಲಯಕ್ಕೆ ತಿಳಿಸಿತು. ಸಿಬಿಐ ತನಿಖೆಯಲ್ಲೂ ಕಳ್ಳಸಾಗಣೆ ಕಂಡುಬರಲಿಲ್ಲ. ಆರೋಪ ಹೊರಿಸಿದ ವಾಹಿನಿಗಳು ಕ್ಷಮೆ ಕೇಳಲಿಲ್ಲ, ಅದು ಅವುಗಳ ಗುಣ. ಆದರೆ ಪ್ರತಿ ಮಗುವಿನ ಕೈಯಲ್ಲೂ ಸರಿಯಾದ ಗುರುತು, ಹೆತ್ತವರ ಒಪ್ಪಿಗೆ, ಆಯಾ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಕೊಟ್ಟ ಮಾಹಿತಿ ಇದ್ದಿದ್ದರೆ ಅವರ ಬಾಯಿಗೆ ಆಹಾರವೇ ಸಿಗುತ್ತಿರಲಿಲ್ಲ. ರಕ್ಷಣೆ ಬೇಕಾದ ಮಕ್ಕಳಿರುವ ಪ್ರತಿಯೊಂದು ಸಂಸ್ಥೆಯೂ ನೋಂದಣಿಯಾಗಬೇಕೆಂದು ಕಾಯ್ದೆ ಹೇಳುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಒತ್ತಿ ಹೇಳಿದೆ. ನೋಂದಣಿಯನ್ನು ಸರಕಾರದ ಹಸ್ತಕ್ಷೇಪವೆಂದು ದೂರುವ ಆಡಳಿತ ಸಮಿತಿಗಳು ಯಾರ ಹಕ್ಕನ್ನು ಕಾಯುತ್ತಿವೆ? ಮಗುವಿನದ್ದೋ, ತಮ್ಮದೋ?

ಸ್ಮೋಲಿನ್ 2007ರಲ್ಲಿ ಎತ್ತಿದ ಇನ್ನೊಂದು ಪ್ರಶ್ನೆ ನಮ್ಮನ್ನು ಹೆಚ್ಚು ಚುಚ್ಚಬೇಕು. ಬಡತನವೊಂದೇ ಕಾರಣಕ್ಕೆ ತಾಯಿಯೊಬ್ಬಳು ಮಗುವನ್ನು ಬಿಡುವುದಾದರೆ, ಆ ಮಗುವನ್ನು ಸಾಗಿಸಲು ವೆಚ್ಚ ಮಾಡುವ ಹಣದ ಒಂದು ಪಾಲನ್ನು ಅವಳಿಗೇ ಕೊಟ್ಟು ಮಗುವನ್ನು ಅವಳ ಮಡಿಲಲ್ಲೇ ಉಳಿಸಬಾರದೇಕೆ? 2015ರ ಮಾರ್ಗಸೂಚಿಗಳು ವಿದೇಶಿ ದತ್ತುವಿಗೆ ನಿಗದಿಪಡಿಸಿದ ಶುಲ್ಕವೇ 5,000 ಡಾಲರ್, ಅಂದರೆ ಇಂದಿನ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಹೆಚ್ಚು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆ, ವಿಚ್ಛೇದಿತೆ, ಪರಿತ್ಯಕ್ತೆ ತಾಯಂದಿರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಹಳ್ಳಿಯಲ್ಲಿ ವರ್ಷಕ್ಕೆ 72,000, ಪೇಟೆಯಲ್ಲಿ 96,000 ರೂಪಾಯಿಯೊಳಗೆ ಆದಾಯವಿರುವ ಕುಟುಂಬಗಳಿಗೆ ಅದು ಮೀಸಲು. ಆ ನಾಲ್ಕು ಲಕ್ಷದಲ್ಲಿ ಒಂದು ಮಗುವನ್ನು ತಾಯಿಯ ಜೊತೆ ಎಂಟು ವರ್ಷ ಉಳಿಸಬಹುದು. ಬೀಡಿಯ ಸೂಪು ಮಡಿಲಲ್ಲಿಟ್ಟುಕೊಂಡು ಕುಳಿತ ನಮ್ಮ ಎಷ್ಟು ವಿಧವೆಯರಿಗೆ ಈ ಯೋಜನೆಯ ಅರ್ಜಿಯನ್ನು ಯಾರಾದರೂ ತುಂಬಿಸಿಕೊಟ್ಟಿದ್ದಾರೆ? ಉರೂಸಿಗೆ, ವಾರ್ಷಿಕಕ್ಕೆ, ಮದುವೆಯ ದೀಪಾಲಂಕಾರಕ್ಕೆ ಲಕ್ಷಗಳನ್ನು ಹೊಂದಿಸಬಲ್ಲ ಜಮಾಅತಿಗೆ, ಒಬ್ಬ ತಾಯಿ ತನ್ನ ಕೂಸನ್ನು ಕೊಡಲು ಮುಂದಾಗುವ ಮೊದಲು ಅವಳ ಬಾಗಿಲು ತಟ್ಟಲು ಸಾಧ್ಯವಿಲ್ಲವೇ?

ಮಾಡಬೇಕಾದ್ದು ಹೆಚ್ಚೇನಿಲ್ಲ. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಯತೀಂ ಮಕ್ಕಳ ಮತ್ತು ಒಂಟಿ ತಾಯಂದಿರ ಒಂದು ಪಟ್ಟಿಯನ್ನು ಇಟ್ಟುಕೊಳ್ಳಲಿ. ಝಕಾತಿನ ಮೊದಲ ಪಾಲು, ತಾಯಿ ಮಗು ಬೇರೆಯಾಗದಂತೆ ತಡೆಯುವುದಕ್ಕೆ ಹೋಗಲಿ. ಮಗುವನ್ನು ಕೊಡುವ ಕೊಳ್ಳುವ ಮಾತು ಕಿವಿಗೆ ಬಿದ್ದರೆ 1098ಕ್ಕೆ ಕರೆ ಮಾಡುವುದು ಚಾಡಿಯಲ್ಲ, ಅಮಾನತಿನ ರಕ್ಷಣೆ ಎಂದು ಖತೀಬರು ಮಿಂಬರಿನಿಂದ ಹೇಳಲಿ. ಮಕ್ಕಳಿಲ್ಲದ ದಂಪತಿಯನ್ನು ಚುಚ್ಚಿ ಚುಚ್ಚಿ ಕಳ್ಳದಾರಿಗೆ ತಳ್ಳುವ ನಾಲಿಗೆಗಳಿಗೂ ಅದೇ ಮಿಂಬರಿನಿಂದ ಬುದ್ಧಿ ಹೇಳಲಿ. ಪೋಷಕ ಕುಟುಂಬವಾಗಲು ಮುಂದೆ ಬರುವವರಿಗೆ ಮಂಗಳೂರಿನ ಕಚೇರಿಯ ದಾರಿ ತೋರಿಸಲು ಓದಿದ ಯುವಕರು ನಿಲ್ಲಲಿ. ಈಗಾಗಲೇ ಮಗುವನ್ನು ಸಾಕುತ್ತಿರುವವರು ವಕೀಲರನ್ನೂ ಆಲಿಮರನ್ನೂ ಕಂಡು, ಆ ಮಗುವಿಗೆ ಅದರ ಸತ್ಯವನ್ನು ತಿಳಿಸುವ ಧೈರ್ಯ ಮಾಡಲಿ.

ಏಕೆಂದರೆ ಸುಳ್ಳು ಬಚ್ಚಿಟ್ಟ ಕಡೆಯೇ ಇರುವುದಿಲ್ಲ. ಮಗು ಬೆಳೆಯುತ್ತದೆ, ನೆರೆಮನೆಯ ನಾಲಿಗೆ ಜಾರುತ್ತದೆ, ರಕ್ತದ ಗುಂಪು ಹೊಂದುವುದಿಲ್ಲ, ಮದುವೆಯ ಹೊತ್ತಿಗೆ ಯಾರೋ ಬಂದು ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಹೆತ್ತ ಮನೆಯ ಹುಡುಗನೇ ವರನಾಗಿ ಬಂದರೆ ಆ ನಿಕಾಹಿಗೆ ಸಾಕ್ಷಿ ನಿಂತವರು ಏನು ಉತ್ತರ ಕೊಡುತ್ತಾರೆ? ಹಾರಿಸರ ಮಗನಿಗೆ ತಂದೆಯ ಹೆಸರನ್ನು ಮರಳಿಸಿದ ಧರ್ಮದ ಅನುಯಾಯಿಗಳು, ಇನ್ನೊಬ್ಬ ತಂದೆಯ ಹೆಸರನ್ನು ಅಳಿಸಿ ಅದಕ್ಕೆ ದಯೆಯೆಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು.